ಎಂಟು ದಿನದ ಲೆಕ್ಕ: 1961ರಲ್ಲಿ ಗೋವಾ ಕಾಯಲು ಪೋರ್ಚುಗೀಸರು ಹಾಕಿದ ಯೋಜನೆ

1961ರ ಡಿಸೆಂಬರ್ 14ರಂದು ಲಿಸ್ಬನ್‌ನಿಂದ ಪಣಜಿಗೆ ಒಂದು ಸಂದೇಶ ಬಂತು. ಅದರಲ್ಲಿ ಮುಖ್ಯವಾಗಿ ಎರಡು ಮಾತಿದ್ದವು. ಕನಿಷ್ಠ ಎಂಟು ದಿನ ತಡೆದು ನಿಲ್ಲಬೇಕು ಎಂಬುದು ಒಂದು. ಸೆರೆಯಾಳುಗಳಾಗಲಿ, ಶರಣಾದ ಹಡಗುಗಳಾಗಲಿ ಇರಕೂಡದು, ಗೆದ್ದವರು ಇಲ್ಲವೆ ಸತ್ತವರು ಮಾತ್ರ ಎಂಬುದು ಇನ್ನೊಂದು. ಕಳಿಸಿದವರು ಪ್ರಧಾನಿ ಸಲಜಾರ್. ಓದಿಕೊಂಡವರು ಗವರ್ನರ್ ಜನರಲ್ ಮನುಯೆಲ್ ಆಂತೋನಿಯು ವಸ್ಸಾಲು ಇ ಸಿಲ್ವ. ಐದನೆಯ ದಿನ, ಅಂದರೆ 19ರ ರಾತ್ರಿ ಎಂಟೂವರೆಗೆ, ಮುರಗಾಂವ ಬಂದರಿನ ಊರಾದ ವಾಸ್ಕೊದಲ್ಲಿ ಅವರು ಶರಣಾದರು. ಭಾರತದ ಸೇನೆ ಗಡಿ ದಾಟಿದ್ದು 18ರ ಬೆಳಗಿನ ಜಾವ. ಎಂಟು ದಿನಕ್ಕೆಂದು ಹೆಣೆದದ್ದು ಎರಡು ಹಗಲು, ಒಂದು ರಾತ್ರಿಗೆ ಮುಗಿಯಿತು.

ಈ ಕಥೆಯನ್ನು ನಾವು ‘ಆಪರೇಷನ್ ವಿಜಯ್’ ಎಂದು ನಮ್ಮ ಕಡೆಯಿಂದಲೇ ಓದಿ ಬಲ್ಲೆವು. ಬೆಳಗಾವಿಯಲ್ಲಿ ಸೇನೆ ನೆರೆದದ್ದು, ಸಾಂಬ್ರಾ ನಿಲ್ದಾಣದಿಂದ ವಿಮಾನಗಳು ಹಾರಿದ್ದು, ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ನೌಕಾಪಡೆಯ ಏಳು ಮಂದಿ ಮಡಿದದ್ದು ಎಲ್ಲ ಗೊತ್ತಿರುವಂಥದ್ದೇ. ಇಲ್ಲಿ ನೋಡುವುದು ಎದುರು ಪಕ್ಷದ ಯೋಜನೆಯನ್ನು. ಸಾವಿರಾರು ಮೈಲಿ ದೂರದ ವಸಾಹತನ್ನು, ಸಾಮ್ರಾಜ್ಯವೇ ಕುಸಿಯುತ್ತಿರುವಾಗ, ಬೆರಳೆಣಿಕೆಯ ಪಡೆಯಿಂದ ಕಾಯುವುದು ಹೇಗೆಂದು ಯಾರೋ ಕೂತು ಲೆಕ್ಕ ಹಾಕಿದ್ದರು. ಅದರ ಹೆಸರು ‘ಪ್ಲಾನು ಸೆಂತಿನೆಲ’, ಕಾವಲುಗಾರ ಯೋಜನೆ. ಅದರ ಜೊತೆಗೆ ‘ಪ್ಲಾನು ದಿ ಬರಾಜೆನ್ಸ್’, ಅಂದರೆ ಸೇತುವೆ ಉರುಳಿಸಿ, ನೆಲಬಾಂಬು ಹೂಳುವ ತಡೆಗಳ ಯೋಜನೆ. ಇವನ್ನು ಬರೀ ಮೂರ್ಖತನ ಎಂದು ತಳ್ಳಿಹಾಕುವುದು ಸುಲಭ, ಆದರೆ ಹಾಗೆ ಮಾಡಿದರೆ ಕಲಿಯಲು ಏನೂ ಉಳಿಯುವುದಿಲ್ಲ. ಕಾಗದದ ಮೇಲೆ ಅದು ಸೈನಿಕ ಶಾಲೆಗಳಲ್ಲಿ ಹೇಳಿಕೊಡುವ ಪಾಠವೇ. ಆದರೆ ಆ ಪಾಠ ಬೇಡುವ ಸಾಮಾನುಗಳಲ್ಲಿ ಒಂದೊಂದೂ ಆಗಲೇ ಬೇರೆಡೆಗೆ ಹೋಗಿತ್ತು, ಇಲ್ಲವೆ ಎಂದೂ ಬಂದೇ ಇರಲಿಲ್ಲ.

ರಾಜಕೀಯ ನಿಂತಲ್ಲೇ, ಸೇನೆ ಮಾತ್ರ ವಾಪಸ್

ಬ್ರಿಟಿಷರು, ಫ್ರೆಂಚರು ವಸಾಹತು ಬಿಟ್ಟಾಗ ಮೊದಲು ರಾಜಕೀಯ ತೀರ್ಮಾನ, ಆಮೇಲೆ ಪಡೆಗಳ ವಾಪಸಾತಿ. ಪುದುಚೇರಿಯಲ್ಲಿ ಆದದ್ದು ಹಾಗೆ. ಪೋರ್ಚುಗಲ್‌ನಲ್ಲಿ ಆದದ್ದು ತಲೆಕೆಳಗು. 1951ರಲ್ಲಿ ಸಂವಿಧಾನ ತಿದ್ದಿ ‘ವಸಾಹತು’ ಎಂಬ ಪದವನ್ನೇ ತೆಗೆದು ‘ಸಾಗರದಾಚೆಯ ಪ್ರಾಂತ್ಯ’ ಎಂದು ಬರೆದುಕೊಂಡರು. ಗೋವಾ ಪೋರ್ಚುಗಲ್‌ನದೇ ತುಂಡು ಎಂದಮೇಲೆ ಅದರ ಬಗ್ಗೆ ಮಾತುಕತೆ ಎಲ್ಲಿಯದು? ಹೀಗೆ ರಾಜಕೀಯದ ಬಾಗಿಲು ಮುಚ್ಚಿತು. ಸೈನಿಕರು ಮಾತ್ರ ಹಿಂಬಾಗಿಲಿನಿಂದ ಹೊರಟರು. 1961ರ ಆರಂಭದಲ್ಲಿ ಅಂಗೋಲದಲ್ಲಿ ದಂಗೆ ಎದ್ದಮೇಲೆ ಪೋರ್ಚುಗಲ್‌ನ ಎಲ್ಲ ಗಮನವೂ ಬಂದೂಕೂ ಆಫ್ರಿಕಾದ ಕಡೆ ತಿರುಗಿದವು. ಐವತ್ತರ ದಶಕದ ನಡುವಿನಲ್ಲಿ ಗೋವಾದಲ್ಲಿದ್ದ ದೊಡ್ಡ ಪಡೆ ಕರಗುತ್ತ ಬಂದು, 1961ರ ಡಿಸೆಂಬರ್ ಹೊತ್ತಿಗೆ ಗೋವಾ, ದಮನ್, ದಿಯು ಮೂರೂ ಸೇರಿ ಉಳಿದವರು 3,995 ಸೈನಿಕರು. ಅವರಲ್ಲಿ 810 ಮಂದಿ ಸ್ಥಳೀಯರು. ಇವರ ತರಬೇತಿ ಬಹುಪಾಲು ಒಳ ಭದ್ರತೆಯ ಕೆಲಸಕ್ಕಷ್ಟೇ.

ಲಿಸ್ಬನ್‌ಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. 1960ರ ಮಾರ್ಚ್‌ನಲ್ಲೇ ರಕ್ಷಣಾ ಸಚಿವ ಜನರಲ್ ಬೊತೆಲ್ಯು ಮೊನಿಜ್ ಸಲಜಾರ್‌ಗೆ ನೇರವಾಗಿ ಹೇಳಿದ್ದರು: ವಸಾಹತು ವಿಮೋಚನೆಯನ್ನು ಬಲದಿಂದ ತಡೆಯುತ್ತಲೇ ಹೋಗುವುದು ಸೇನೆಗೆ ಆತ್ಮಹತ್ಯೆಯ ಕೆಲಸ. ಸೇನೆಯ ಉಪಕಾರ್ಯದರ್ಶಿ ಕರ್ನಲ್ ಕೊಸ್ತ ಗೊಮೆಸ್ ಅಭಿಪ್ರಾಯವೂ ಅದೇ ಆಗಿತ್ತು. 1961ರ ಏಪ್ರಿಲ್‌ನಲ್ಲಿ ಬೊತೆಲ್ಯು ಮೊನಿಜ್ ಸಲಜಾರ್‌ನನ್ನು ಕೆಳಗಿಳಿಸಲು ಹೋಗಿ ಸೋತರು. ರಕ್ಷಣಾ ಖಾತೆಯನ್ನು ಸಲಜಾರ್ ತಾನೇ ಇಟ್ಟುಕೊಂಡ. ಆಮೇಲೆ ‘ಇದು ಆಗದ ಕೆಲಸ’ ಎಂದು ಮೇಲಕ್ಕೆ ಹೇಳಬಲ್ಲವರು ಆ ಕುರ್ಚಿಗಳಲ್ಲಿ ಉಳಿಯಲಿಲ್ಲ.

ಯೋಜನೆಯ ಮೊದಲ ಬಿರುಕು ಇದೇ. ಪಡೆಯ ಗಾತ್ರ ಪೊಲೀಸ್ ಕೆಲಸಕ್ಕೆ ಹೊಂದುವಷ್ಟು, ಆದೇಶ ಮಾತ್ರ ಯುದ್ಧಕ್ಕೆ. 1958ರಲ್ಲೇ ಪೊಲೀಸರಿಗೂ ಸುಂಕದ ಕಾವಲುಪಡೆಗೂ ತಾತ್ಕಾಲಿಕವಾಗಿ ಸೈನಿಕ ಸ್ಥಾನ ಕೊಟ್ಟು ಸೇನೆಯ ಅಧೀನಕ್ಕೆ ತಂದಿದ್ದರು. ಲೆಕ್ಕದ ಪುಸ್ತಕದಲ್ಲಿ ತಲೆಗಳು ಹೆಚ್ಚಿದವು. ಟ್ಯಾಂಕ್ ಎದುರು ನಿಲ್ಲುವ ತೋಪು ಒಂದೂ ಹೆಚ್ಚಲಿಲ್ಲ.

ಜಾಗ ಕೊಟ್ಟು ಹೊತ್ತು ಕೊಳ್ಳುವುದು

ಸೆಂತಿನೆಲ ಯೋಜನೆ ಗೋವಾವನ್ನು ನಾಲ್ಕು ವಲಯಗಳಾಗಿ ಹಂಚಿತ್ತು: ಉತ್ತರ, ನಡು, ದಕ್ಷಿಣ ಮತ್ತು ಮುರಗಾಂವ. ವಲಯಕ್ಕೊಂದು ತಂಡ. ಗಡಿಯಲ್ಲಿ ಗಟ್ಟಿಯಾಗಿ ನಿಲ್ಲುವುದು ಉದ್ದೇಶವಲ್ಲ. ಮುಟ್ಟಿ, ಒಂದಿಷ್ಟು ಗುಂಡು ಹಾರಿಸಿ, ಸೇತುವೆ ಉರುಳಿಸಿ, ಹಿಂದಿನ ಸಾಲಿಗೆ ಸರಿಯುವುದು. ಹೀಗೆ ಸರಿಯುತ್ತ ಸರಿಯುತ್ತ ಕೊನೆಗೆ ಎಲ್ಲರೂ ಮುರಗಾಂವ ಬಂದರಿನ ಭೂಶಿರದಲ್ಲಿ ಸೇರಿ, ಸಮುದ್ರದಿಂದ ಸಹಾಯ ಬರುವವರೆಗೆ ಹಿಡಿದು ನಿಲ್ಲುವುದು. ಜಾಗ ಕೊಟ್ಟು ಹೊತ್ತು ಕೊಳ್ಳುವ ವ್ಯಾಪಾರ ಎಂದು ಇದನ್ನು ಕರೆಯಬಹುದು.

ಈ ವ್ಯಾಪಾರಕ್ಕೆ ಕೈಯಲ್ಲಿ ಜಾಗ ಇರಬೇಕು. ಗೋವಾದ ಒಟ್ಟು ವಿಸ್ತೀರ್ಣ ಸುಮಾರು 3,700 ಚದರ ಕಿಲೋಮೀಟರ್. ದೋಡಾಮಾರ್ಗದ ಕಡೆಯಿಂದ ಮಾಂಡವಿಯ ದಡಕ್ಕೆ ಹೆಚ್ಚೆಂದರೆ 40 ಕಿಲೋಮೀಟರ್. ಎಂಟು ದಿನ ಎಳೆಯಬೇಕೆಂದರೆ ದಿನಕ್ಕೆ ಐದು ಕಿಲೋಮೀಟರಿಗಿಂತ ಹೆಚ್ಚು ಬಿಟ್ಟುಕೊಡುವಂತಿಲ್ಲ. ಅಂದರೆ ಹೆಚ್ಚು ಕಡಿಮೆ ಪ್ರತಿ ಹಳ್ಳಿಯಲ್ಲೂ ಒಂದು ದಿನ ಕಾದಾಡಬೇಕು.

ಇನ್ನು ಜನ. ಗೋವಾದಲ್ಲಿದ್ದ ಪಡೆ ಎಂಟು ರೈಫಲ್ ಕಂಪನಿ, ನಾಲ್ಕು ಮೋಟಾರು ಪಹರೆ ತುಕಡಿ, ಎರಡು ಫಿರಂಗಿ ಬ್ಯಾಟರಿ, ಒಂದು ಇಂಜಿನಿಯರ್ ತುಕಡಿ. ಒಂದು ಕಂಪನಿ ನೆಟ್ಟಗೆ ಹಿಡಿದು ನಿಲ್ಲಬಲ್ಲದ್ದು ಒಂದು, ಒಂದೂವರೆ ಕಿಲೋಮೀಟರ್ ಅಗಲ. ಎಂಟು ಕಂಪನಿ ಸಾಲಾಗಿ ನಿಂತರೂ 12 ಕಿಲೋಮೀಟರ್. ಗೋವಾದ ಕರಾವಳಿಯೊಂದೇ 100 ಕಿಲೋಮೀಟರ್ ಮೀರುತ್ತದೆ, ಘಟ್ಟದ ಗಡಿ ಬೇರೆ. ಸಮನಾಗಿ ಹಂಚಿದರೆ ವಲಯಕ್ಕೆ ಎರಡು ಕಂಪನಿ, ಒಂದು ಪಹರೆ ತುಕಡಿ. ಅಲ್ಲಿಗೆ ಎಲ್ಲ ಮುಗಿಯಿತು. ಕೈಯಲ್ಲಿ ಮೀಸಲು ಪಡೆ ಎಂಬುದೇ ಇಲ್ಲ. ಹಿಂದೆ ಸರಿಯುವ ಯುದ್ಧದಲ್ಲಿ ಇದು ಎಲ್ಲಕ್ಕಿಂತ ದೊಡ್ಡ ಕೊರತೆ. ಸರಿಯುತ್ತಿರುವ ತಂಡದ ಬೆನ್ನಿಗೆ ಇನ್ನೊಂದು ತಂಡ ಮೊದಲೇ ಕೂತು ಕಾಯುತ್ತಿದ್ದರೆ ಮಾತ್ರ ಅದು ಸರಿಯುವುದು, ಇಲ್ಲವಾದರೆ ಓಟ.

ಸೇತುವೆ ಉರುಳಿಸುವ ಕೆಲಸ

ಗೋವಾದಲ್ಲಿ ರಕ್ಷಕನಿಗೆ ಇದ್ದ ಒಂದೇ ದೊಡ್ಡ ಆಸ್ತಿ ನದಿಗಳು. ಖಾನಾಪುರದ ಕಾಡಿನಲ್ಲಿ ಹುಟ್ಟಿ ನಮ್ಮಲ್ಲಿ ಮಹದಾಯಿ ಎನ್ನಿಸಿಕೊಳ್ಳುವ ನೀರು ಅಲ್ಲಿ ಮಾಂಡವಿ. ದಕ್ಷಿಣಕ್ಕೆ ಜುವಾರಿ. ಎರಡೂ ಸಮುದ್ರದ ಹತ್ತಿರ ಅಗಲವಾದ ಅಳಿವೆಗಳು, ಉಪ್ಪುನೀರಿನ ಭರತ ಇಳಿತ ತುಂಬ ಒಳಗಿನವರೆಗೂ ನುಗ್ಗುತ್ತದೆ. ಆಚೀಚೆ ಗಜನಿ ಗದ್ದೆಗಳು. ಮಳೆಗಾಲದಲ್ಲಾದರೆ ಇಡೀ ಬಯಲು ಕೆಸರು, ಲಾರಿ ರಸ್ತೆ ಬಿಟ್ಟು ಕೆಳಗಿಳಿಯುವಂತಿಲ್ಲ. ಡಿಸೆಂಬರ್‌ನಲ್ಲಿ ಕೊಯ್ಲು ಮುಗಿದು ನೆಲ ಗಟ್ಟಿಯಾಗಿರುತ್ತದೆ, ಮೇಲಿನ ಹೊಳೆಗಳಲ್ಲಿ ನೀರು ತಗ್ಗಿರುತ್ತದೆ. ತಡೆಗಳ ಯೋಜನೆಯ ಅರ್ಧ ಬಲ ಅಲ್ಲಿಗೇ ಹೋಯಿತು.

ಸೇತುವೆ ಉರುಳಿಸುವುದೆಂದರೆ ಸ್ಫೋಟಕ ಕಟ್ಟಿ ಗುಂಡಿ ಒತ್ತುವುದಷ್ಟೇ ಎಂದುಕೊಂಡರೆ ತಪ್ಪು. ಕೆಲಸ ಎರಡು ಬಗೆ. ತಮಗೆ ಇನ್ನು ಬೇಡವಾದ ಸೇತುವೆಯನ್ನು ಮೊದಲೇ ಕೆಡವಿಬಿಡುವುದು ಒಂದು. ಇದರಲ್ಲಿ ತಲೆನೋವಿಲ್ಲ. ತಮ್ಮವರು ದಾಟಿಬರಬೇಕಿರುವ, ಅವರು ದಾಟಿದ ಗಳಿಗೆಯಲ್ಲೇ ಬೀಳಬೇಕಿರುವ ಸೇತುವೆ ಇನ್ನೊಂದು. ಇದಕ್ಕೆ ಕಂಬ ಮತ್ತು ತೊಲೆಗಳಲ್ಲಿ ಸ್ಫೋಟಕ ಕಟ್ಟಿಡಬೇಕು. ಅದನ್ನು ಸಿಡಿಸುವ ಡಿಟೊನೇಟರ್ ಮಾತ್ರ ಕೊನೆಯ ಹೊತ್ತಿನವರೆಗೆ ಜೋಡಿಸಬಾರದು. ಒಂದು ತಂತಿ ಕಡಿದುಹೋದರೆ ಕೆಲಸಕ್ಕೆ ಬರುವಂತೆ ಇನ್ನೊಂದು ಜೋಡಣೆ ಇರಬೇಕು. ಕಾವಲಿಗೊಂದು ತಂಡ, ಸಿಡಿಸಲೊಂದು ತಂಡ ಬೇರೆ ಬೇರೆ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ‘ಈಗ ಸಿಡಿಸು’ ಎನ್ನುವ ಅಧಿಕಾರ ಯಾರದು ಎಂಬುದು ಬರಹದಲ್ಲಿರಬೇಕು, ಆ ಮನುಷ್ಯನ ಮಾತು ಸೇತುವೆಯವರೆಗೆ ತಲುಪಬೇಕು. ಬೇಗ ಸಿಡಿಸಿದರೆ ತಮ್ಮವರೇ ಆಚೆ ದಡದಲ್ಲಿ ಸಿಕ್ಕಿಬೀಳುತ್ತಾರೆ, ತಡವಾದರೆ ಸೇತುವೆ ಶತ್ರುವಿನದಾಗುತ್ತದೆ. ಮಾತು ತಲುಪದಿದ್ದರೆ ಸೇತುವೆಯ ಬಳಿ ಕೂತವನು ತನ್ನ ಭಯಕ್ಕೆ ತಕ್ಕಂತೆ ತೀರ್ಮಾನಿಸುತ್ತಾನೆ, ಮತ್ತು ಭಯ ಯಾವಾಗಲೂ ಬೇಗ ಸಿಡಿಸು ಎಂದೇ ಹೇಳುತ್ತದೆ.

ಗೋವಾದಲ್ಲಿ ಕೈಕೊಟ್ಟದ್ದು ಇದೇ ಕೊನೆಯ ಕೊಂಡಿ. ಅಲ್ಲಿ ಸೇವೆಯಲ್ಲಿದ್ದ ಕ್ಯಾಪ್ಟನ್ ಕಾರ್ಲುಸ್ ಅಜೆರೆದು ಮುಂದೆ ಈ ಯೋಜನೆಯನ್ನು ವಾಸ್ತವಕ್ಕೆ ದೂರವಾದ, ಅರ್ಧಂಬರ್ಧದ ಯೋಜನೆ ಎಂದೇ ಕರೆದರು. ಜಾಗ ಕೊಟ್ಟು ಹೊತ್ತು ಕೊಳ್ಳಬೇಕಾದರೆ ಹೆಗಲ ಮೇಲೆ ಹೊತ್ತೊಯ್ಯುವ ವೈರ್‌ಲೆಸ್ ಬೇಕು, ಅದೇ ಇರಲಿಲ್ಲ ಎಂಬುದು ಅವರ ಮುಖ್ಯ ದೂರು. ಸರಿಯುತ್ತಿರುವ ಕಂಪನಿ ಎಲ್ಲಿದೆ ಎಂದು ವಲಯದ ಅಧಿಕಾರಿಗೆ ಗೊತ್ತಿಲ್ಲ, ಪಕ್ಕದ ವಲಯ ಬಿದ್ದಿದೆಯೆಂದು ಈ ವಲಯಕ್ಕೆ ಗೊತ್ತಿಲ್ಲ ಎಂದಾದರೆ ನಾಲ್ಕು ತಂಡಗಳ ಒಂದು ಯೋಜನೆ ನಾಲ್ಕು ಬೇರೆ ಬೇರೆ ಓಟಗಳಾಗುತ್ತದೆ.

ಇನ್ನೊಂದು ತೊಡಕನ್ನು ನಕ್ಷೆಯೇ ತೋರಿಸುತ್ತದೆ. ಆಗ ಪಣಜಿಯ ಬಳಿ ಮಾಂಡವಿಗೆ ಸೇತುವೆ ಇರಲಿಲ್ಲ, ಎದುರು ದಡದ ಬೆತಿಂನಿಂದ ದೋಣಿಯೇ ಗತಿ. ಆಗಶಿ ಮತ್ತು ಕುಠಾಳಿ ನಡುವೆ ಜುವಾರಿಗೂ ಸೇತುವೆ ಇರಲಿಲ್ಲ, ಅದು ಬಂದದ್ದು 1983ರಲ್ಲಿ. ಹಾಗಾಗಿ ಪಣಜಿಯಿಂದ ಮುರಗಾಂವಕ್ಕೆ ವಾಹನ ಹೋಗಬೇಕಾದರೆ ಎರಡೇ ದಾರಿ: ಜುವಾರಿಯ ಫೆರಿ, ಇಲ್ಲವೆ ಬಾಣಸ್ತಾರಿ, ಫೋಂಡಾ, ಬೋರಿ ಸೇತುವೆ, ಮಡಗಾಂವದ ಸುತ್ತುದಾರಿ. ಶತ್ರುವನ್ನು ತಡೆಯಲು ಉರುಳಿಸಬೇಕಿದ್ದ ಬಾಣಸ್ತಾರಿ ಮತ್ತು ಬೋರಿ ಸೇತುವೆಗಳೇ ಇವರ ಸುತ್ತುದಾರಿಯೂ ಹೌದು. ಅವನ್ನು ಕೆಡವಿದ ಮರುಗಳಿಗೆಯಿಂದ ಉತ್ತರ ಮತ್ತು ನಡು ವಲಯದವರು ಕೊನೆಯ ಕೋಟೆ ಸೇರಲು ಉಳಿದದ್ದು ಒಂದೆರಡು ದೋಣಿ ಕಡವು. ಭಾರೀ ಸಾಮಾನು ದಾಟುವ ಮಾತೇ ಇಲ್ಲ.

ಕೊನೆಯದಾಗಿ, ಗುಂಡಿನ ಕಾವಲಿಲ್ಲದ ತಡೆ ತಡೆಯಲ್ಲ, ಬರೀ ಅಡಚಣೆ. ಸೇತುವೆ ಮುರಿದ ದಡದಲ್ಲಿ ಎರಡು ಮೆಷಿನ್‌ಗನ್, ಒಂದಿಷ್ಟು ಮಾರ್ಟರ್ ಇದ್ದರೆ ದಾಟುವವನು ರಾತ್ರಿಗೆ ಕಾಯಬೇಕು, ಫಿರಂಗಿ ತರಿಸಬೇಕು, ತಯಾರಿ ಮಾಡಬೇಕು. ದಡ ಖಾಲಿ ಇದ್ದರೆ ನಾಡದೋಣಿಯಲ್ಲಿ, ತರಾಫದಲ್ಲಿ, ಎದೆಮಟ್ಟದ ನೀರಿನಲ್ಲಿ ನಡೆದು ದಾಟುತ್ತಾನೆ. ಬೋರಿಯಲ್ಲಿ ಆದದ್ದು ಇದು. ಪೂರ್ವದಿಂದ ಮೊಲೆಂ ಹಾದು ಬಂದ ಭಾರತದ 63ನೇ ಬ್ರಿಗೇಡ್‌ನ ಪಡೆ ಮುರಿದ ಸೇತುವೆಯ ಪಕ್ಕದಲ್ಲೇ ನದಿ ದಾಟಿ 19ರ ಮಧ್ಯಾಹ್ನ ಮಡಗಾಂವದಲ್ಲಿತ್ತು.

ನೆಲಬಾಂಬಿನ ವಿಷಯ ಬೇಗ ಹೇಳಿ ಮುಗಿಸಬಹುದು. ರಸ್ತೆಗಳಿಗೂ ಸಮುದ್ರದಂಡೆಗೂ ಹೂಳಬೇಕೆಂದು ಯೋಜನೆಯಲ್ಲಿತ್ತು, ಹೂಳಲು ಸಾಕಷ್ಟು ಇರಲಿಲ್ಲ. ಮೀಟರಿಗೊಂದು ಟ್ಯಾಂಕ್ ನಿರೋಧಕ ಬಾಂಬು ಎಂದು ತೀರ ಜಿಪುಣತನದಿಂದ ಹಿಡಿದರೂ ಒಂದು ಕಿಲೋಮೀಟರಿಗೆ ಸಾವಿರ. ತಲಾ ಏಳೆಂಟು ಕಿಲೋ ಎಂದರೆ ಏಳೆಂಟು ಟನ್. ಹತ್ತು ಕಿಲೋಮೀಟರ್ ದಂಡೆಗೆ ಹತ್ತು ಸಾವಿರ ಬಾಂಬು, ಅವನ್ನು ಹೂಳಲು ಇದ್ದದ್ದು ಒಂದು ಇಂಜಿನಿಯರ್ ತುಕಡಿ, ಅದೂ ಸೇತುವೆಗಳ ಕೆಲಸದಲ್ಲಿ ಮುಳುಗಿತ್ತು. ಪೋರ್ಚುಗೀಸ್ ಸೈನಿಕರ ನಡುವೆ ಇಂದಿಗೂ ಓಡಾಡುವ ಒಂದು ಕಥೆಯಿದೆ: ಟ್ಯಾಂಕ್ ನಿರೋಧಕ ಗುಂಡುಗಳನ್ನು ‘ಶೊರೀಸು’, ಅಂದರೆ ಮಾಂಸದ ಸಾಸೇಜು ಎಂಬ ಸಂಕೇತಪದದಲ್ಲಿ ಕೇಳಿದರಂತೆ, ಲಿಸ್ಬನ್‌ನಿಂದ ವಿಮಾನದಲ್ಲಿ ಬಂದಿಳಿದದ್ದು ನಿಜವಾದ ಸಾಸೇಜೇ ಅಂತೆ. ಕಥೆಗೆ ಎಷ್ಟು ಕೈಕಾಲು ಬೆಳೆದಿದೆಯೋ, ಆದರೆ ಅದನ್ನು ಹೇಳಿಕೊಂಡವರು ಯಾವ ಸ್ಥಿತಿಯಲ್ಲಿದ್ದರು ಎನ್ನುವುದಂತೂ ತಿಳಿಯುತ್ತದೆ.

ಆಕಾಶ ಮತ್ತು ಸಮುದ್ರ

ಗೋವಾದಲ್ಲಿ ಪೋರ್ಚುಗೀಸರ ಒಂದೇ ಒಂದು ಯುದ್ಧವಿಮಾನವಿರಲಿಲ್ಲ. 1955ರ ನಂತರ ಭಾರತ ಗಡಿ ಮುಚ್ಚಿ, ಕ್ಯಾಸಲ್‌ರಾಕ್ ಮೂಲಕ ಬರುತ್ತಿದ್ದ ರೈಲು ನಿಂತಾಗ, ಹೊರಜಗತ್ತಿಗೆ ದಾರಿಯಾಗಿ ದಾಬೋಳಿ ವಿಮಾನ ನಿಲ್ದಾಣ ಕಟ್ಟಿಕೊಂಡಿದ್ದರು. ಅಲ್ಲಿಂದ ಹಾರುತ್ತಿದ್ದದ್ದು ಪ್ರಯಾಣಿಕ ವಿಮಾನ. ಅವು ಕರಾಚಿ ಹಾದು, ದಾರಿಯಲ್ಲಿ ಅವರಿವರ ಅನುಮತಿ ಪಡೆದು ಯೂರೋಪ್ ಮುಟ್ಟಬೇಕು. ಸೈನಿಕರನ್ನೂ ಮದ್ದುಗುಂಡನ್ನೂ ತುಂಬಿಕೊಂಡು ಬರುವ ವಿಮಾನಕ್ಕೆ ಇಂಧನ ಹಾಕಿಕೊಡುವವರು ಯಾರು ಎಂಬ ಪ್ರಶ್ನೆಗೆ ಯೋಜನೆಯಲ್ಲಿ ಉತ್ತರವಿಲ್ಲ.

18ರ ಬೆಳಗ್ಗೆ ಭಾರತದ 12 ಕ್ಯಾನ್‌ಬೆರಾ ಬಾಂಬರ್‌ಗಳು ದಾಬೋಳಿಯ ಓಡುದಾರಿಯ ಮೇಲೆ ಕೆಲವೇ ನಿಮಿಷಗಳಲ್ಲಿ 63,000 ಪೌಂಡ್ ಬಾಂಬು ಸುರಿದವು. ಆಮೇಲೆ ಇನ್ನೊಂದು ಎಂಟರ ತಂಡ ಬಂತು. ನಿಲ್ದಾಣದ ಕಟ್ಟಡ ಮುಟ್ಟಬಾರದೆಂಬ ಆದೇಶವಿತ್ತು, ಮುಟ್ಟಲಿಲ್ಲ. ಇದರಲ್ಲಿ ಒಂದು ಗಮನಿಸುವ ಸಂಗತಿ: ಇಷ್ಟಾದರೂ ಆ ರಾತ್ರಿ ಗುಂಡಿಗಳನ್ನು ಅವಸರದಲ್ಲಿ ಮುಚ್ಚಿ, ಉಳಿದ ತುಂಡು ಓಡುದಾರಿಯಿಂದಲೇ ಎರಡು ದೊಡ್ಡ ಪ್ರಯಾಣಿಕ ವಿಮಾನಗಳು ಕತ್ತಲೆಯಲ್ಲಿ ಎದ್ದು, ಸಮುದ್ರಕ್ಕೆ ತಾಗುವಷ್ಟು ಕೆಳಗೆ ಹಾರಿ ಕರಾಚಿ ಸೇರಿದವು. ಓಡುದಾರಿಗೆ ಬಿದ್ದ ಗುಂಡಿ ಮಣ್ಣು, ಜಲ್ಲಿ, ಕೂಲಿಯಾಳು ಇದ್ದರೆ ರಾತ್ರಿಯೊಳಗೆ ತುಂಬುತ್ತದೆ. ಅಪ್ಪಳಿಸಿದ ಹೊಡೆತಗಳಲ್ಲಿ ತಿರುಗಿ ಏಳಲಾಗದ್ದು ಬೇರೆ ಇತ್ತು. ಬಾಂಬೊಳಿಯ ವೈರ್‌ಲೆಸ್ ಕೇಂದ್ರಕ್ಕೆ ಆರು ಹಂಟರ್ ವಿಮಾನಗಳು ಬಡಿದದ್ದು ಅದು. ಲಿಸ್ಬನ್ ಜೊತೆಗಿನ ಮುಖ್ಯ ಕೊಂಡಿ ಅಲ್ಲಿಗೆ ಕಡಿಯಿತು.

ಬದಲಿ ಕೊಂಡಿ ಇರಲಿಲ್ಲವೆಂದಲ್ಲ. ಬಂದರಿನಲ್ಲಿದ್ದ ‘ಅಫೊನ್ಸು ದಿ ಅಲ್ಬುಕೆರ್ಕ್’ ಎಂಬ ಹಡಗಿನ ವೈರ್‌ಲೆಸ್ ಅದಾಗಿತ್ತು. ಮೂವತ್ತರ ದಶಕದ ಈ ಹಡಗಿನ ಮೇಲೆ 120 ಮಿಲಿಮೀಟರಿನ ನಾಲ್ಕು ತೋಪು, ತಲಾ ನಿಮಿಷಕ್ಕೆ ಎರಡು ಗುಂಡು. ಇದರ ತಲೆಗೆ ಯೋಜನೆ ಮೂರು ಕೆಲಸ ಕಟ್ಟಿತ್ತು: ಬಂದರು ಕಾಯುವುದು, ದಂಡೆಗೆ ಫಿರಂಗಿಯಾಗುವುದು, ಭೂಮಿಯ ಮೇಲಿನ ವೈರ್‌ಲೆಸ್ ಹೋದರೆ ಲಿಸ್ಬನ್‌ಗೆ ಮಾತು ಮುಟ್ಟಿಸುವುದು. ಮಧ್ಯಾಹ್ನ 12ರ ಸುಮಾರಿಗೆ ‘ಬೇತ್ವಾ’, ‘ಬಿಯಾಸ್’ ಎಂಬ ಭಾರತದ ಹೊಸ ಫ್ರಿಗೇಟ್ ಯುದ್ಧಹಡಗುಗಳು ಎದುರಾದವು. ಕ್ಯಾಪ್ಟನ್ ಕುನ್ಯ ಅರಗಾಂವ್ ತೀವ್ರವಾಗಿ ಗಾಯಗೊಂಡರು, ಹಡಗನ್ನು ದಂಡೆಗೆ ಹತ್ತಿಸಬೇಕಾಯಿತು. ಮೂರು ಕೆಲಸವೂ ಒಂದೇ ಗಂಟೆಯೊಳಗೆ ಒಟ್ಟಿಗೆ ನಿಂತವು. ಮುಖ್ಯ ವ್ಯವಸ್ಥೆಗೆ ಬದಲಿ ಇಡುವಾಗ ಅದನ್ನು ಶತ್ರು ಮೊದಲು ಹೊಡೆಯುವ ಜಾಗದಲ್ಲೇ ಇಟ್ಟರೆ ಬದಲಿ ಇದ್ದೂ ಇಲ್ಲದಂತೆ.

ಉಳಿದ ನೌಕಾಬಲ ಮೂರು ಸಣ್ಣ ಕಾವಲು ದೋಣಿ, ತಲಾ ಒಂದು 20 ಮಿಲಿಮೀಟರ್ ಗನ್. ಗೋವಾಕ್ಕೊಂದು, ದಮನ್‌ಗೊಂದು, ದಿಯುಗೊಂದು. ದಿಯುವಿನ ‘ವೇಗ’ ವಿಮಾನಗಳ ದಾಳಿಯಲ್ಲಿ ಮುಳುಗಿತು, ಅದರ ಅಧಿಕಾರಿ ಒಲಿವೆಯ್ರ ಇ ಕಾರ್ಮು ಮಡಿದರು. ದಮನ್‌ನ ‘ಆಂತಾರೆಸ್’ ತಪ್ಪಿಸಿಕೊಂಡು ಕರಾಚಿ ಮುಟ್ಟಿತು. ದಮನ್, ದಿಯು ತಲಾ ಕೆಲವು ನೂರು ಸೈನಿಕರ, ಪರಸ್ಪರ ಸಹಾಯಕ್ಕೆ ಸಿಗದ ತುಂಡುಗಳು. ಅವನ್ನು ಉಳಿಸಿಕೊಳ್ಳಲು ಹೋಗಿ ಗೋವಾದ ಪಡೆಯಲ್ಲಿ ಐದನೆಯ ಒಂದು ಭಾಗ ಕೈಬಿಟ್ಟಿತ್ತು.

ಅಂಜದೀವವೂ ಅಂಥದೇ ಒಂದು ತುಂಡು. ಕಾರವಾರದ ಬಿಣಗಾ ಕಡಲಿಗೆ ಅಂಟಿಕೊಂಡಂತಿರುವ ಸಣ್ಣ ದ್ವೀಪ, ಇಂದು ಕದಂಬ ನೌಕಾನೆಲೆಯ ಅಲೆತಡೆಗೋಡೆ ಅದನ್ನು ಭೂಮಿಗೆ ಜೋಡಿಸಿದೆ. ಗೋವಾ ಕಾಯಲು ಅದರಿಂದ ಚೂರೂ ಉಪಯೋಗವಿರಲಿಲ್ಲ. ಆದರೆ ನವೆಂಬರ್‌ನಲ್ಲಿ ಅಲ್ಲಿಂದ ಪ್ರಯಾಣಿಕರ ಹಡಗು ‘ಸಾಬರಮತಿ’ಯ ಮೇಲೆ ಗುಂಡು ಹಾರಿತು, ಒಬ್ಬ ಮೀನುಗಾರನೂ ಸತ್ತ. ಭಾರತದಲ್ಲಿ ‘ಇನ್ನು ಸಾಕು’ ಎಂಬ ಮಾತು ಏಳಲು ಅದು ನೆಪವಾಯಿತು. ಹೊರಗಿನ ಠಾಣೆಗಳಿಗೆ ‘ಯಾವಾಗ ಗುಂಡು ಹಾರಿಸಬಾರದು’ ಎಂಬ ಕಟ್ಟುನಿಟ್ಟಿನ ಆದೇಶ ಇಲ್ಲದಿದ್ದರೆ, ಯುದ್ಧ ಮುಂದೂಡುವುದೇ ಗುರಿಯಾಗಿರುವ ಪಕ್ಷ ತಾನೇ ಅದನ್ನು ಹತ್ತಿರಕ್ಕೆಳೆದುಕೊಳ್ಳುತ್ತದೆ.

ಎರಡು ದಿನ ನಡೆದದ್ದು

ಭಾರತದ ಕಡೆ ದಕ್ಷಿಣ ಕಮಾಂಡ್‌ನ ಲೆಫ್ಟಿನೆಂಟ್ ಜನರಲ್ ಜೆ.ಎನ್. ಚೌಧುರಿ ಮೇಲ್ವಿಚಾರಣೆ, ಮೇಜರ್ ಜನರಲ್ ಕ್ಯಾಂಡೆತ್ ಅವರ 17ನೇ ಡಿವಿಷನ್, ಬ್ರಿಗೇಡಿಯರ್ ಸಗತ್ ಸಿಂಗ್ ಅವರ 50ನೇ ಪ್ಯಾರಾ ಬ್ರಿಗೇಡ್. ಬೆಳಗಾವಿಯಿಂದ ಘಟ್ಟ ಇಳಿಯುವ ಪೂರ್ವದ ದಾರಿ ಮುಖ್ಯ ಹೊಡೆತವೆಂದೂ, ಉತ್ತರದ ಪ್ಯಾರಾ ಪಡೆ ಜೊತೆಗಾರನೆಂದೂ ಎಣಿಕೆ. ದಕ್ಷಿಣದಲ್ಲಿ ಕಾರವಾರದ ಮಾಜಾಳಿಯಿಂದ ಕಾಣಕೋಣದ ಕಡೆ ಒಂದು ಕಂಪನಿಯನ್ನು ಕಣ್ಣು ತಪ್ಪಿಸಲೆಂದೇ ಕಳಿಸಿದ್ದರು. ಆದದ್ದು ಬೇರೆ: ಜೊತೆಗಾರನೇ ಮುಂದೋಡಿದ. ಪ್ಯಾರಾ ಬ್ರಿಗೇಡ್‌ನ ಪಶ್ಚಿಮದ ಸಾಲು ಟ್ಯಾಂಕ್‌ಗಳೊಂದಿಗೆ 18ರ ಸಂಜೆಯೊಳಗೆ ಬೆತಿಂಗೆ ಬಂದು ಮಾಂಡವಿಯ ಆಚೆಗೆ ಪಣಜಿಯ ದೀಪಗಳನ್ನು ನೋಡುತ್ತಿತ್ತು. ಎಂಟು ದಿನಕ್ಕೆ ಹಂಚಿದ್ದ ಜಾಗ ಒಂದು ಹಗಲಿನಲ್ಲಿ ಖರ್ಚಾಗಿತ್ತು.

ಅಂದು ರಾತ್ರಿ ಅವರನ್ನು ನಿಲ್ಲಿಸಿದ್ದು ಪೋರ್ಚುಗೀಸ್ ಗುಂಡಲ್ಲ, ಮಾಂಡವಿಯ ಅಗಲ ಮತ್ತು ದಾಟಲು ಆದೇಶ ಬಾರದಿದ್ದದ್ದು. ಮರುದಿನ ಬೆಳಗ್ಗೆ ದೋಣಿಗಳಲ್ಲಿ ದಾಟಿ ಪಣಜಿ ಹಿಡಿದರು, ಊರೊಳಗೆ ಪ್ರತಿರೋಧ ಇರಲಿಲ್ಲ. ಗಟ್ಟಿ ಹೋರಾಟ ನಡೆದದ್ದು ತುಂಡು ತುಂಡಾಗಿ: ಅಗುವಾದ ಕೋಟೆಯ ಬಳಿ 7ನೇ ಕ್ಯಾವಲ್ರಿಯ ಇಬ್ಬರು ಅಧಿಕಾರಿಗಳು ಸತ್ತರು, ದಮನ್ ಮತ್ತು ದಿಯುಗಳಲ್ಲಿ ಕಾಳಗ ತುಸು ಹೆಚ್ಚೇ ನಡೆಯಿತು, ಅಂಜದೀವದ ಮೇಲೆ ಇಳಿದ ‘ತ್ರಿಶೂಲ್’ ಮತ್ತು ‘ಮೈಸೂರು’ ಹಡಗುಗಳ ತಂಡಕ್ಕೆ ಏಟು ಬಿತ್ತು. ಒಟ್ಟಾರೆ ಭಾರತದ 22 ಮಂದಿ, ಪೋರ್ಚುಗಲ್‌ನ 30 ಮಂದಿ ಸತ್ತರು.

18ರ ಸಂಜೆಗೆ ಎರಡು ಸಾವಿರಕ್ಕೂ ಹೆಚ್ಚು ಪೋರ್ಚುಗೀಸ್ ಸೈನಿಕರು ವಾಸ್ಕೊದ ಬಾಗಿಲಲ್ಲಿರುವ ಆಲ್ಪರ್ಕೆಯ್ರುಸ್ ಶಿಬಿರದಲ್ಲಿ ಸೇರಿದ್ದರು. ಯೋಜನೆ ಹೇಳಿದ ಕೊನೆಯ ಜಾಗಕ್ಕೆ ಬಂದದ್ದೇನೋ ನಿಜ, ಆದರೆ ಏಳನೆಯ ದಿನ ಬರಬೇಕಿದ್ದವರು ಮೊದಲ ದಿನವೇ ಬಂದಿದ್ದರು. ಹಾಗಾದರೆ ಮೊದಲಿನಿಂದಲೇ ಈ ಭೂಶಿರವೊಂದನ್ನೇ ಕೋಟೆ ಮಾಡಿಕೊಂಡು ಉಳಿದದ್ದನ್ನು ಬಿಟ್ಟುಬಿಟ್ಟಿದ್ದರೆ? ಉತ್ತರಕ್ಕೆ ಜುವಾರಿ, ಪಶ್ಚಿಮಕ್ಕೆ ಸಮುದ್ರ, ಒಳಗೆ ಬಂದರೂ ವಿಮಾನ ನಿಲ್ದಾಣವೂ ಇವೆ. ನಕ್ಷೆಯ ಮೇಲೆ ಇದು ಸೆಂತಿನೆಲಕ್ಕಿಂತ ಮೇಲು. ಸಾಮಾನಿನ ಪಟ್ಟಿ ಹಾಕಿ ನೋಡಿ. 3,000 ಜನಕ್ಕೆ ದಿನಕ್ಕೆ ಒಂದೂವರೆ ಕಿಲೋ ಆಹಾರದಂತೆ ಎಂಟು ದಿನಕ್ಕೆ 36 ಟನ್, ಕುಡಿಯಲು ಮತ್ತು ಅಡುಗೆಗೆ ತಲಾ ಐದು ಲೀಟರಿನಂತೆ ದಿನಕ್ಕೆ 15,000 ಲೀಟರ್ ನೀರು. ಇವೆರಡೂ ಆಗದ ಮಾತಲ್ಲ. ಎರಡು ಬ್ಯಾಟರಿಗೆ ಎಂಟು ತೋಪೆಂದು ಹಿಡಿದು, ತೋಪಿಗೆ ದಿನಕ್ಕೆ ನೂರರಂತೆ 6,400 ಗುಂಡು, ಅಂದರೆ ಪೆಟ್ಟಿಗೆ ಸಮೇತ 100 ಟನ್‌ಗೂ ಮೇಲೆ. ಅದನ್ನು ಬಾಂಬಿನಿಂದ ಮರೆಸಿಡಬೇಕು. ಮೇಲೆ ತಡೆಯಿಲ್ಲದ ವಿಮಾನ, ಹೊರಗೆ ಕ್ರೂಸರ್ ಮತ್ತು ‘ವಿಕ್ರಾಂತ್’, ಒಳಗೆ ವಾಸ್ಕೊದ ಸಾವಿರಾರು ನಾಗರಿಕರು. ಎಂಟು ದಿನ ಬೇಡ, ಮೂರು ನಾಲ್ಕು ದಿನ ಎಳೆಯಬಹುದಿತ್ತೇನೋ, ಊರನ್ನು ಬಲಿಕೊಟ್ಟು.

ಕೊಂಡ ಹೊತ್ತು ಯಾರಿಗೆ

ಎಂಟು ದಿನ ಎಂಬ ಅಂಕಿ ಎಲ್ಲಿಂದ ಬಂತು? ಸೈನಿಕ ಲೆಕ್ಕದಿಂದಲ್ಲ, ರಾಜತಾಂತ್ರಿಕ ಆಸೆಯಿಂದ. ಅಷ್ಟರಲ್ಲಿ ಜಗತ್ತು ಎದ್ದು ಭಾರತವನ್ನು ತಡೆಯುತ್ತದೆ ಎಂಬ ಎಣಿಕೆ. ಆದರೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಎಂಟು ದಿನ ಕಾಯಲಿಲ್ಲ, ಡಿಸೆಂಬರ್ 18ರಂದೇ ಸೇರಿತು. ಕದನ ನಿಲ್ಲಿಸಿ ವಾಪಸಾಗಿ ಎಂಬ ನಿರ್ಣಯಕ್ಕೆ ಏಳು ಮತ ಪರವಾಗಿಯೂ ಬಂದವು. ಸೋವಿಯತ್ ಒಕ್ಕೂಟ ವೀಟೊ ಹಾಕಿತು, ಅಲ್ಲಿಗೆ ಮುಗಿಯಿತು. ಮಾಂಡವಿಯ ದಂಡೆಯಲ್ಲಿ ಸೈನಿಕರು ಬೆಳಗಾಗುವುದನ್ನು ಕಾಯುತ್ತಿದ್ದ ಹೊತ್ತಿಗೇ ನ್ಯೂಯಾರ್ಕ್‌ನ ವಿಷಯ ತೀರ್ಮಾನವಾಗುತ್ತಿತ್ತು. ಏಳು ದಿನ ಹೆಚ್ಚಿಗೆ ಸಿಕ್ಕಿದ್ದರೆ ಆ ವೀಟೊ ಕರಗುತ್ತಿರಲಿಲ್ಲ.

ಗೆಳೆಯರ ಪಟ್ಟಿಯೂ ಹೀಗೇ. ನ್ಯಾಟೊ ಒಪ್ಪಂದದ ರಕ್ಷಣೆ ಮುಖ್ಯವಾಗಿ ಯೂರೋಪ್, ಉತ್ತರ ಅಮೆರಿಕ ಮತ್ತು ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರದ ಅಟ್ಲಾಂಟಿಕ್ ಪ್ರದೇಶಕ್ಕೆ, ಗೋವಾ ಅದರಲ್ಲಿ ಬರುವುದೇ ಇಲ್ಲ. ಇಂಗ್ಲೆಂಡ್ ಜೊತೆ 1373ರಷ್ಟು ಹಳೆಯ ಮೈತ್ರಿಯಿತ್ತು, ಆದರೆ ಕಾಮನ್‌ವೆಲ್ತ್‌ನ ದೇಶವೊಂದರ ವಿರುದ್ಧ ಬ್ರಿಟನ್ ಆಯುಧ ಎತ್ತುವ ಪ್ರಶ್ನೆ ಇರಲಿಲ್ಲ. ಇನ್ನು ಪೋರ್ಚುಗಲ್‌ನದೇ ನೌಕಾಸಹಾಯ: ಲಿಸ್ಬನ್‌ನಿಂದ ಸೂಯೆಜ್ ಮೂಲಕ ಸುಮಾರು 5,000 ನಾಟಿಕಲ್ ಮೈಲಿ. ಗಂಟೆಗೆ 15ರಂತೆ ನಿಲ್ಲದೆ ಬಂದರೂ ಎರಡು ವಾರ. ಸೂಯೆಜ್ ಈಜಿಪ್ಟಿನ ಅಧ್ಯಕ್ಷ ನಾಸರ್ ಕೈಯಲ್ಲಿತ್ತು. ಮೊದಲ ಗುಂಡು ಹಾರಿದ ಗಳಿಗೆಯಲ್ಲೇ ಹಡಗು ಬಿಟ್ಟಿದ್ದರೂ ಅದು ತಲುಪುವುದು ಎಂಟು ದಿನ ಮುಗಿದು ಮತ್ತೆ ಆರು ದಿನದ ಹೊತ್ತಿಗೆ. ಸಹಾಯ ಬರುವವರೆಗೆ ಹಿಡಿದು ನಿಲ್ಲಿ ಎಂದು ಬರೆದವರು ಈ ಭಾಗಾಕಾರ ಮಾಡಿರಲಿಕ್ಕಿಲ್ಲ, ಇಲ್ಲವೆ ಮಾಡಿಯೂ ಬರೆದಿರಬೇಕು.

ಆದೇಶ ಮೀರಿ ನಡೆದ ಎರಡು ಕೆಲಸಗಳನ್ನು ಇಲ್ಲಿ ಹೇಳಬೇಕು. ತಿಮೋರ್‌ನಿಂದ ಲಿಸ್ಬನ್‌ಗೆ ಹೊರಟಿದ್ದ ‘ಇಂದಿಯ’ ಎಂಬ ಹಡಗು ಡಿಸೆಂಬರ್ 9ರಂದು ಮುರಗಾಂವಕ್ಕೆ ಬಂತು. ಯಾರನ್ನೂ ಹತ್ತಿಸಬಾರದೆಂದು ಲಿಸ್ಬನ್ ಹೇಳಿತ್ತು. 380 ಜನರ ಹಡಗಿಗೆ ವಸ್ಸಾಲು ಇ ಸಿಲ್ವ 700 ನಾಗರಿಕರನ್ನು ಹತ್ತಿಸಿದರು, ಶೌಚಾಲಯದಲ್ಲೂ ಜನ ಕೂತು ಹೋದರು. ಇಡೀ ಪ್ರಕರಣದಲ್ಲಿ ಕಾಗದದಲ್ಲಿದ್ದದ್ದಕ್ಕಿಂತ ಚೆನ್ನಾಗಿ ನಡೆದ ಒಂದೇ ಕೆಲಸ ಇದು, ಮತ್ತು ಇದು ಕಾಗದದಲ್ಲಿರಲಿಲ್ಲ. ಎರಡನೆಯದು 19ರದು. ಗೋವಾವನ್ನು ಸುಟ್ಟು ಬಿಟ್ಟುಕೊಡಿ ಎಂಬ ಆದೇಶವೂ ಇತ್ತು. ಅದನ್ನು ಅವರು ನಡೆಸಲಿಲ್ಲ, ಇನ್ನು ಹೋರಾಡಿ ಸಾಯುವುದರಿಂದ ಏನೂ ಸಿಗದೆಂದು ಕೈಚೆಲ್ಲಿದರು.

ಸೆರೆಯಾದವರು 4,668 ಮಂದಿ. ಸೆರೆಯಾಳುಗಳೇ ಇರಕೂಡದೆಂದು ಬರೆದಿದ್ದ ಸರಕಾರ ಅವರನ್ನು ಕರೆಸಿಕೊಳ್ಳುವ ಹೊತ್ತಿಗೆ ಐದು ತಿಂಗಳು ಕಳೆದವು. ವಾಸ್ಕೊ, ಫೋಂಡಾ ಮೊದಲಾದ ಶಿಬಿರಗಳಲ್ಲಿದ್ದವರು 1962ರ ಮೇ ತಿಂಗಳಲ್ಲಿ ಕರಾಚಿ ಮೂಲಕ ಊರಿಗೆ ಹೊರಟರು. ಗವರ್ನರ್ ಜನರಲ್‌ರನ್ನು 1963ರ ಮಾರ್ಚ್‌ನಲ್ಲಿ ಸೇನೆಯಿಂದ ಹೊರಹಾಕಲಾಯಿತು. 1974ರ ಕ್ರಾಂತಿಯ ನಂತರ ಸ್ಥಾನ ಮರಳಿ ಸಿಕ್ಕಿತು. ಅದೇ ವರ್ಷದ ಡಿಸೆಂಬರ್ 31ರಂದು ಪೋರ್ಚುಗಲ್ ಗೋವಾದ ಮೇಲೆ ಭಾರತದ ಹಕ್ಕನ್ನು ಒಪ್ಪಿ ಸಹಿ ಹಾಕಿತು.